ಓರೆ ಮುಖಕ್ಕೆ ಎದುರಾಗಿ ನಿಲ್ಲೋದು ಕಲಿಸಿದ ಪೀಣ್ಯದ ಭಾನುವಾರದ ಕ್ಲಾಸು

ಪೀಣ್ಯ ಎರಡನೇ ಸ್ಟೇಜಲ್ಲಿ ಪ್ರೆಸ್ ಶಾಪ್ ಮೇಲಿನ ಮಹಡೀಲಿ ನಡಿಯೋ ಈ ಡ್ರಾಯಿಂಗ್ ರೀಡಿಂಗ್ (ಮಷೀನ್ ಪಾರ್ಟಿನ ಡ್ರಾಯಿಂಗ್ ಓದೋದು) ಕ್ಲಾಸಿಗೆ ಎಂಟು ಭಾನುವಾರ ಹೋಗಿದ್ದೆ, ಹೋದ ವಾರ ಮುಗೀತು. ನಾನು ಕ್ವಾಲಿಟೀಲಿ ಇನ್‌ಸ್ಪೆಕ್ಟರ್, ಐಟಿಐ ಮುಗ್ಸಿ ಆರು ವರ್ಷ ಆಯ್ತು, ಪ್ಲಾನು (ಮೇಲಿಂದ ನೋಡಿದ್ದು) ಎಲಿವೇಶನ್ನು (ಮುಂದಿಂದ ನೋಡಿದ್ದು) ಸೈಡ್ ವ್ಯೂ ಎಲ್ಲಾ ಬರುತ್ತೆ ಅನ್ಕೊಂಡೇ ಇದ್ದೆ.

ಸೇರಿದ್ದು ಯಾಕೆ ಅಂದ್ರೆ, ಒಂದು ಬ್ರಾಕೆಟ್ ಇನ್‌ಸ್ಪೆಕ್ಷನ್‌ಗೆ ಬಂದಿತ್ತು, ಒಂದು ಮುಖ 30 ಡಿಗ್ರಿ ಓರೆ, ಆ ಇಳಿಜಾರಿನ ಉದ್ದಕ್ಕೆ ಮೇಲೊಂದು ಕೆಳಗೊಂದು ಹೋಲು, ಸೆಂಟರಿಂದ ಸೆಂಟರಿಗೆ 40 ಎಂಎಂ ಅಂತ ಡ್ರಾಯಿಂಗಲ್ಲಿದೆ. ಸಿಎಂಎಂ (ಪಾರ್ಟನ್ನ ಮುಟ್ಟಿ ಅಳತೆ ತೆಗೆಯೋ ಮಷೀನ್) ಮೇಲೆ ಇಟ್ಟೆ, 34.64 ಬಂತು, ಇಡೀ ಲಾಟಿಗೆ ರಿಜೆಕ್ಟ್ ಅಂತ ಕೆಂಪು ಟ್ಯಾಗ್ ಕಟ್ಬಿಟ್ಟೆ. ಮಷೀನ್ ನಡೆಸಿದ್ದ ಹುಡುಗ ಎರಡು ದಿನ ಊಟ ಸರಿಯಾಗಿ ಮಾಡ್ಲಿಲ್ಲ. ಆಮೇಲೆ ನಮ್ಮ ಸೀನಿಯರ್ ಪ್ರೋಗ್ರಾಂ ನೋಡಿ, "ಪ್ರೊಜೆಕ್ಷನ್ ಪ್ಲೇನ್ ನೆಲಕ್ಕೆ ಸಮ ಇಟ್ಟಿದ್ದೀಯಲ್ಲಪ್ಪ, ಮೇಲಿಂದ ನೋಡಿ ಅಳೆದಂಗೆ ಆಯ್ತು, ಆ 40 ಇರೋದು ಆಕ್ಸಿಲರಿ ವ್ಯೂಲಿ, ಓರೆ ಮುಖಕ್ಕೆ ಅಂತಲೇ ಬೇರೆ ಬರೆದಿರೋ ವ್ಯೂಲಿ" ಅಂದ್ರು. 40ನ್ನ ಕಾಸ್ 30ರಿಂದ ಗುಣಿಸಿದ್ರೆ ಸರಿಯಾಗಿ 34.64. ಜಾಬು ಚೆನ್ನಾಗೇ ಇತ್ತು, ತಪ್ಪು ನಂದು. ಹುಡುಗನ ಹತ್ರ ಹೋಗಿ ಹೇಳ್ದೆ, ಆ ವಾರಾನೇ ಇಲ್ಲಿ ಹೆಸರು ಬರೆಸ್ದೆ.

ಆಕ್ಸಿಲರಿ ವ್ಯೂ ಶುರು ಮಾಡಿದ ದಿನ ಮೇಷ್ಟ್ರು ಬೋರ್ಡ್ ಮುಟ್ಲೇ ಇಲ್ಲ. ಒಂದು ಸೌತೆಕಾಯಿ ನೆಟ್ಟಗೆ ನಿಲ್ಸಿ ಓರೆಯಾಗಿ ಕತ್ತರಿಸಿ, ಮೇಲಿಂದ ಬಗ್ಗಿ ನೋಡಿ ಅಂದ್ರು, ದುಂಡಗೆ ಕಾಣ್ಸುತ್ತೆ. ಈಗ ಕತ್ತರಿಸಿದ ಮುಖಕ್ಕೆ ನೇರ ಎದುರಾಗಿ ನಿಂತು ನೋಡಿ ಅಂದ್ರು, ಮೊಟ್ಟೆ ಥರ ಉದ್ದಕ್ಕಿದೆ. 40 ಎಂಎಂ ದಪ್ಪದ ಕಾಯಿನ 45 ಡಿಗ್ರೀಲಿ ಕತ್ತರಿಸಿದ್ರೆ ಆ ಮುಖದ ಉದ್ದ 56.6 ಬರುತ್ತೆ, ಸ್ಕೇಲ್ ಇಟ್ಟು ಹೆಚ್ಚುಕಮ್ಮಿ ಅಷ್ಟೇ ಬಂದಿದ್ದನ್ನ ನಾವೇ ನೋಡಿದ್ವಿ. ಆಮೇಲೆ ಒಂದು ಸೋಪಿನ ಮೂಲೆ ಓರೆಯಾಗಿ ಕೊಯ್ದು ಆ ಮುಖಕ್ಕೆ ನೇರವಾಗಿ ದುಂಡಗೆ ತೂತು ಮಾಡಿದ್ರು, ಇದು ಉಲ್ಟಾ, ನಿಜಕ್ಕೂ ದುಂಡಗಿರೋದು ಮೇಲಿಂದ ಚಪ್ಪಟೆ ಕಾಣ್ಸುತ್ತೆ, 30 ಡಿಗ್ರಿ ಓರೇಲಿರೋ 20 ಎಂಎಂ ಹೋಲು ಪ್ಲಾನಲ್ಲಿ ಒಂದು ಕಡೆ 20, ಇನ್ನೊಂದು ಕಡೆ 17.32. ಆವತ್ತು ನನ್ನ ಬ್ರಾಕೆಟ್ ಕಣ್ಮುಂದೆ ಬಂತು. ಆಕ್ಸಿಲರಿ ವ್ಯೂ ಅಂದ್ರೆ ಆ ಓರೆ ಮುಖದ ಎದುರಿಗೆ ಹೋಗಿ ನಿಂತು ನೋಡೋದು ಅಷ್ಟೇ, ಇಷ್ಟು ದಿನ ಅದನ್ನ ಡ್ರಾಯಿಂಗಿನ ಮೂಲೇಲಿ ಎಕ್ಸ್‌ಟ್ರಾ ಏನೋ ಹಾಕಿದಾರೆ ಅಂತ ಬಿಟ್ಬಿಡ್ತಿದ್ದೆ.

ಆಮೇಲೇನೇ ಬೋರ್ಡು. ಎಲಿವೇಶನ್ನಲ್ಲಿ ಓರೆ ಮುಖ ಬರೀ ಒಂದು ಗೆರೆಯಾಗಿ ಕಾಣುತ್ತಲ್ಲ, ಆ ಗೆರೆಗೆ 90 ಡಿಗ್ರೀಲಿ ಪ್ರೊಜೆಕ್ಟರ್ (ಒಂದು ವ್ಯೂಯಿಂದ ಇನ್ನೊಂದಕ್ಕೆ ಒಯ್ಯೋ ತೆಳು ಗೆರೆ) ಎಳೀಬೇಕು, ಅಗಲ ಮಾತ್ರ ಪ್ಲಾನಿಂದ ಡಿವೈಡರಲ್ಲಿ ಎತ್ಕೊಂಡು ಬಂದು ಇಡಬೇಕು. ಎರಡು ಸೆಟ್ ಸ್ಕ್ವೇರ್ ಒಂದರ ಮೇಲೊಂದು ಜಾರಿಸ್ತಾ ಕೈಯಲ್ಲೇ ಮಾಡಿಸಿದ್ರು, ಕಂಪ್ಯೂಟರ್ ಇಲ್ಲ, ಅದೇ ನನಗೆ ಇಷ್ಟ ಆಗಿದ್ದು. ಮಿಕ್ಕ ಬಾಡಿ ಯಾಕೆ ಬರೆಯಲ್ಲ, ಯಾಕೆ ಸಣ್ಣ ಬ್ರೇಕ್ ಲೈನ್ (ಇಲ್ಲಿಗೆ ಬಿಟ್ಟಿದೀವಿ ಅನ್ನೋ ಗೆರೆ) ಹಾಕಿ ನಿಲ್ಲಿಸ್ತಾರೆ ಅಂತ ಕೇಳ್ದೆ. ಮಿಕ್ಕ ಭಾಗ ಆ ದಿಕ್ಕಿಂದ ಸೊಟ್ಟ ಕಾಣ್ಸುತ್ತೆ, ಅಳೆಯೋಕೆ ಬರಲ್ಲ, ಬರೆದ್ರೆ ಓದೋನಿಗೆ ಗೊಂದಲ ಅಂದ್ರು.

ನಮ್ಮಲ್ಲಿ ಬಿಐಎಸ್ (ಭಾರತದ ಸ್ಟ್ಯಾಂಡರ್ಡ್ ಸಂಸ್ಥೆ) ಪ್ರಕಾರ ಫಸ್ಟ್ ಆಂಗಲ್, ಅಂದ್ರೆ ಒಂದು ಕಡೆಯಿಂದ ನೋಡಿದ್ದನ್ನ ಎದುರು ಕಡೆ ಬರೆಯೋದು, ಅಮೆರಿಕಾ ಕಸ್ಟಮರ್ ಡ್ರಾಯಿಂಗ್ ಥರ್ಡ್ ಆಂಗಲ್, ನೋಡಿದ ಕಡೇನೇ ಬರೆಯೋದು, ಓರೆ ವ್ಯೂ ಯಾವ ಕಡೆ ಬೀಳುತ್ತೆ ಅನ್ನೋದೇ ಬದಲಾಗುತ್ತೆ, ಟೈಟಲ್ ಬ್ಲಾಕಲ್ಲಿರೋ ಕೋನಿನ ಗುರುತು ನೋಡ್ದೆ ಓದೋಕೆ ಕೂರಬೇಡಿ ಅಂತ ಪ್ರತಿ ವಾರ ಹೇಳ್ತಿದ್ರು. ಬಾಣ ಹಾಕಿ ಎ ಅಂತ ಬರೆದಿದ್ರೆ ವ್ಯೂನ ಶೀಟಲ್ಲಿ ಎಲ್ಲಿ ಬೇಕಾದ್ರೂ ಇಟ್ಟಿರಬಹುದು, ಬಾಣದ ದಿಕ್ಕಲ್ಲಿ ನೋಡ್ಬೇಕು ಅಷ್ಟೇ.

ಕೊರತೆ ಅಂದ್ರೆ ಸೆಕೆಂಡರಿ ಆಕ್ಸಿಲರಿಗೆ ಒಂದೇ ಭಾನುವಾರ ಕೊಟ್ರು. ಮೂರೂ ವ್ಯೂಲಿ ಎಲ್ಲೂ ಗೆರೆಯಾಗಿ ಕಾಣದೇ ಇರೋ ಮುಖ ಇದ್ರೆ ಮೊದಲು ಒಂದು ಆಕ್ಸಿಲರಿ ಹಾಕಿ ಅದನ್ನ ಗೆರೆ ಮಾಡ್ಕೋಬೇಕು, ಆಮೇಲೆ ಅಲ್ಲಿಂದ ಇನ್ನೊಂದು ಹಾಕಿ ನಿಜವಾದ ಆಕಾರ ತೆಗೀಬೇಕು, ಇದು ಎರಡು ಗಂಟೇಲಿ ತಲೆಗೆ ಹೋಗೋ ವಿಷಯ ಅಲ್ಲ, ಅರ್ಧ ಜನ ಕಕ್ಕಾಬಿಕ್ಕಿಯಾಗಿ ಕೂತಿದ್ರು. ಇದಕ್ಕೆ ಎರಡು ಕ್ಲಾಸಾದ್ರೂ ಬೇಕು. ಇನ್ನೊಂದು, ಕೆಳಗೆ ಪ್ರೆಸ್ ನಡಿಯೋ ಭಾನುವಾರ ಟೇಬಲ್ಲೇ ಅಲ್ಲಾಡುತ್ತೆ, ಗೆರೆ ನೆಟ್ಟಗೆ ಬರಲ್ಲ.

ಹೋಗೋರು ಗಟ್ಟಿ ಡಿವೈಡರು, ಎರಡು ದೊಡ್ಡ ಸೆಟ್ ಸ್ಕ್ವೇರು ತಗೊಂಡು ಹೋಗಿ, ಅಲ್ಲಿರೋವು ಮೂಲೆ ಸವೆದಿವೆ. ಗಾಡಿ ನಿಲ್ಸೋಕೆ ಜಾಗ ಇಲ್ಲ, ಪೀಣ್ಯ ಇಂಡಸ್ಟ್ರಿ ಮೆಟ್ರೋಲಿ ಇಳಿದು ನಡ್ಕೊಂಡು ಹೋಗೋದೇ ವಾಸಿ. ಸೆಕೆಂಡರಿ ದಿನ ಮುಂದಿನ ಬ್ಯಾಚಲ್ಲಿ ಇನ್ನೊಂದ್ಸಲ ಬಂದು ಕೂರಲಾ ಸಾರ್ ಅಂತ ಕೇಳಿದೀನಿ, ಬಾ, ನಿಮ್ಮ ಆ ಬ್ರಾಕೆಟ್ ಡ್ರಾಯಿಂಗನ್ನೂ ಹಿಡ್ಕೊಂಡು ಬಾ ಅಂದಿದಾರೆ.