ನಮ್ಮ ಇನ್ಶೂರೆನ್ಸ್ ಏಜೆಂಟರಿಗೆ ಐದಕ್ಕೆ ನಾಲ್ಕು ಸ್ಟಾರ್

ನಾನು ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮಂಡಿ ನಡೆಯುವುದೇ ದಲಾಲಿ ಮೇಲೆ, ಹಾಗಾಗಿ ಕಮಿಷನ್ ಅಂದ ಕೂಡಲೇ ನನಗೆ ಸಿಟ್ಟು ಬರುವುದಿಲ್ಲ. ಎಷ್ಟು ತಗೊಂಡರು, ಅದಕ್ಕೆ ಏನು ಕೆಲಸ ಮಾಡಿದರು, ಅಷ್ಟೇ ನೋಡುವುದು. ಇದು ನಮ್ಮ ಮನೆಯ ಏಜೆಂಟರ ರಿವ್ಯೂ. ಕಂಪನಿ ಹೆಸರು ಇಲ್ಲಿ ಬೇಡ.

ಅಪ್ಪ 2014ರಲ್ಲಿ ಇವರ ಹತ್ತಿರ ಎಂಡೋಮೆಂಟ್ ಪಾಲಿಸಿ ಮಾಡಿಸಿದ್ದರು, ಅಂದರೆ ವಿಮೆಯ ಜೊತೆ ಉಳಿತಾಯವೂ ಇರುವ, ಅವಧಿ ಮುಗಿದಾಗ ದುಡ್ಡು ವಾಪಸ್ ಬರುವ ಪಾಲಿಸಿ. ವರ್ಷಕ್ಕೆ 30,000 ರೂಪಾಯಿ ಕಂತು. ಇಂಥ ಉದ್ದ ಅವಧಿಯ ಪಾಲಿಸಿಗೆ ಆಗ ಮೊದಲ ವರ್ಷ ಶೇ 35ರವರೆಗೆ ಕಮಿಷನ್ ಇತ್ತು. ಎರಡು, ಮೂರನೇ ವರ್ಷ ಶೇ 7.5, ಆಮೇಲೆ ಶೇ 5. ಲೆಕ್ಕ ಹಾಕಿ: ಮೊದಲ ಕಂತಿನಲ್ಲೇ 10,500 ರೂಪಾಯಿ ತನಕ ಏಜೆಂಟರಿಗೆ. ಅವರ ಮೇಲಿನ ಆಫೀಸರ್ ಇನ್ಸೆಂಟಿವ್, ಮೆಡಿಕಲ್ ಮಾಡಿದ ಡಾಕ್ಟರ ಫೀಸು, ಸ್ಟಾಂಪ್ ಡ್ಯೂಟಿ, ಟಿವಿ ಜಾಹೀರಾತು ಎಲ್ಲ ಬೇರೆ. ಹೊಸ ಗಿರಾಕಿ ಹಿಡಿಯೋಕೆ ಕಂಪನಿ ಮೊದಲೇ ಸುರಿದ ಈ ದುಡ್ಡು ಮುಂದಿನ ವರ್ಷಗಳ ಕಂತಿನಲ್ಲಿ ನಿಧಾನವಾಗಿ ವಸೂಲಾಗಬೇಕು. ಒಂದು ವರ್ಷ ಕಟ್ಟಿ ಬಿಟ್ಟವರಿಗೆ ಹಿಂದೆಲ್ಲ ಬಿಡಿಗಾಸೂ ಸಿಗದೆ ಇದ್ದದ್ದು ಅದಕ್ಕೇ. 2024ರ ಅಕ್ಟೋಬರ್‌ನಿಂದ ಅವರಿಗೂ ಒಂದಿಷ್ಟು ವಾಪಸ್ ಕೊಡಬೇಕು ಅಂತ ನಿಯಮ ಬಂತು. ಆಗಲೇ ಎಲ್‌ಐಸಿ ಮೊದಲ ವರ್ಷದ ಕಮಿಷನ್ನನ್ನು ಶೇ 35ರಿಂದ 28ಕ್ಕೆ ಇಳಿಸಿ, ರಿನ್ಯೂವಲ್ ಕಮಿಷನ್ನನ್ನು, ಅಂದರೆ ಮುಂದಿನ ವರ್ಷಗಳ ಕಂತಿನ ಮೇಲಿನದನ್ನು, 5ರಿಂದ 7.5ಕ್ಕೆ ಏರಿಸಿತು. ನನ್ನ ಕೇಳಿದರೆ ಇನ್ನೂ ಏರಿಸಬೇಕಿತ್ತು. ಯಾಕೆ ಅಂತ ಹೇಳ್ತೀನಿ.

2023ರಲ್ಲಿ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮರುದಿನ ಏಜೆಂಟರು ಫಾರ್ಮ್ ಹಿಡಿದು ಮನೆಗೆ ಬಂದರು. ಪಾಲಿಸಿ ಬಾಂಡ್‌ನಲ್ಲಿ ನಾಮಿನಿ ಹೆಸರು ‘ಸಾವಿತ್ರಮ್ಮ’, ಅಮ್ಮನ ಆಧಾರ್‌ನಲ್ಲಿ ‘ಸಾವಿತ್ರಿ’, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಶಿಯಲ್ ಬೇರೆ. ಮೂರನ್ನೂ ಟೇಬಲ್ ಮೇಲೆ ಸಾಲಾಗಿ ಇಟ್ಟು, ಕನ್ನಡಕ ಹಣೆಗೇರಿಸಿ, “ಅಮ್ಮಾ, ಇದು ಎಲ್ಲರ ಮನೆಯಲ್ಲೂ ಇರೋದೇ, ಗಾಬರಿ ಬೇಡ” ಅಂದರು. ಮೂರೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದರು. ಕ್ಯಾನ್ಸಲ್ ಮಾಡಿದ ಚೆಕ್ಕಿನಲ್ಲಿ ಅಮ್ಮನ ಹೆಸರು ಪ್ರಿಂಟ್ ಇದೆಯಾ ಅಂತ ನೋಡಿದರು. ಬ್ರಾಂಚಿಗೆ ತಾವೇ ಹೋಗಿ ಕೊಟ್ಟು, ಸೀಲ್ ಹಾಕಿದ ಝೆರಾಕ್ಸ್ ತಂದು ನನ್ನ ಕೈಗಿಟ್ಟರು. ಅಮ್ಮ ಒಮ್ಮೆಯೂ ಆಫೀಸಿನ ಮೆಟ್ಟಿಲು ಹತ್ತಲಿಲ್ಲ.

ಆ ವರ್ಷ ನಮ್ಮ ಪಾಲಿಸಿಯಿಂದ ಅವರಿಗೆ ಬಂದದ್ದು ಹೆಚ್ಚೆಂದರೆ 1,500 ರೂಪಾಯಿ. ಕ್ಲೇಮ್ ಮಾಡಿಸಿದ್ದಕ್ಕೆ ಬೇರೆ ಕಮಿಷನ್ ಇಲ್ಲ. ಪಾಲಿಸಿ ಮಾರಿದ ದಿನಕ್ಕೆ ಹತ್ತೂವರೆ ಸಾವಿರ, ನಿಜವಾಗಿ ಬೇಕಾದ ದಿನಕ್ಕೆ ಸೊನ್ನೆ. ಇದೆಂಥ ಲೆಕ್ಕ, ಅಲ್ವಾ?

ಇನ್ನೊಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಟರ್ಮ್ ಪ್ಲಾನ್ ಬಗ್ಗೆ ಅವರು ಅಪ್ಪನಿಗೆ ಒಂದು ಮಾತೂ ಹೇಳಿರಲಿಲ್ಲ. ಟರ್ಮ್ ಪ್ಲಾನ್ ಅಂದರೆ ಅವಧಿಯೊಳಗೆ ತೀರಿಕೊಂಡರೆ ಮಾತ್ರ ದುಡ್ಡು ಕೊಡುವ ವಿಮೆ. ಅದರಲ್ಲಿ ಕಂತು ಸಣ್ಣದು, ಹಾಗಾಗಿ ಕಮಿಷನ್ನೂ ಸಣ್ಣದು. ಮೊನ್ನೆ ನಾನೇ ಕೇಳಿದೆ. ನಕ್ಕು, “ದುಡ್ಡು ವಾಪಸ್ ಬರಲ್ಲ ಅಂದ್ರೆ ನಿಮ್ಮ ತಂದೆ ಸೈನ್ ಹಾಕ್ತಿದ್ರಾ?” ಅಂದರು. ಹಾಕುತ್ತಿರಲಿಲ್ಲ, ಅದೂ ನಿಜ. ಆದರೂ ಹೇಳಬೇಕಿತ್ತು.

ಪಕ್ಕದ ಬೀದಿಯ ಇನ್ನೊಬ್ಬ ಏಜೆಂಟ್ ಮೊದಲ ಕಂತು ತಾನೇ ಕಟ್ಟುತ್ತೇನೆ ಅಂದಿದ್ದ. ಅದು ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ತಪ್ಪು, ಈಗ 10 ಲಕ್ಷದವರೆಗೆ ದಂಡ ಇದೆ. ನಮ್ಮವರು ಕೊಟ್ಟದ್ದು ಒಂದು ಕ್ಯಾಲೆಂಡರ್ ಮಾತ್ರ. ಬ್ಯಾಂಕಿನ ಕಥೆ ಇನ್ನೊಂದು. ಎಫ್‌ಡಿ ರಿನ್ಯೂ ಮಾಡಿಸಲು ಹೋದರೆ ಸುಮ್ನೆ ಪಾಲಿಸಿ ಫಾರ್ಮ್ ಮುಂದಿಡ್ತಾರೆ. ಅಲ್ಲೂ ಕಮಿಷನ್ ಇದೆ, ಆದರೆ ಮಾರಿದ ಹುಡುಗ ಮುಂದಿನ ವರ್ಷ ಯಾವ ಊರಿನ ಬ್ರಾಂಚಿನಲ್ಲಿರ್ತಾನೋ!

ನಿಮಗೆ ಟರ್ಮ್ ಪ್ಲಾನ್ ಮಾತ್ರ ಬೇಕು, ಕಾಗದಪತ್ರ ನೀವೇ ನೋಡ್ಕೊಳ್ತೀರಿ ಅಂದರೆ ಆನ್‌ಲೈನಿನಲ್ಲಿ ನೇರವಾಗಿ ತಗೊಳ್ಳಿ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಇಂಥ ಏಜೆಂಟರನ್ನು ಹುಡುಕಿ. ಹುಡುಕುವಾಗ ರಿಟರ್ನ್ ಎಷ್ಟು ಅಂತ ಕೇಳಬೇಡಿ, ಈ ಊರಲ್ಲಿ ಯಾರ ಯಾರ ಮನೆಯ ಡೆತ್ ಕ್ಲೇಮ್ ಮಾಡಿಸಿದ್ದೀರಿ ಅಂತ ಕೇಳಿ.