650 ರೂಪಾಯಿಯ ಊದುಗೊಳವೆ

ಮಗಳು ಹತ್ತನೇ ಕ್ಲಾಸು. ಸಂಕ್ರಾಂತಿ ಕಳೆದ ಮೇಲೆ ಬೆಳಿಗ್ಗೆ ಎಬ್ಬಿಸಿದರೆ ಏಳೋಳೇ ಅಲ್ಲ. ಕ್ಲಾಸಲ್ಲಿ ತೂಕಡಿಸ್ತಾಳೆ ಅಂತ ಸ್ಕೂಲಿಂದಲೂ ಫೋನು ಬಂತು. ರಾತ್ರಿಯೆಲ್ಲ ಮೊಬೈಲ್ ಒತ್ತುತ್ತಾಳೆ ಅಂತ ನಾನೇ ತೀರ್ಮಾನ ಮಾಡಿ ಎರಡು ಸಲ ಫೋನ್ ಕಿತ್ಕೊಂಡೆ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ ಇದೆ, ಆದರೆ ಹಗಲು ಚೆನ್ನಾಗೇ ಥ್ರೋಬಾಲ್ ಆಡ್ತಿದ್ದಳಲ್ಲ, ಅದು ತಲೆಗೇ ಹೋಗಲಿಲ್ಲ.

ಮಂಡ್ಯದಲ್ಲಿ ನಾವು ತೋರಿಸುವ ಡಾಕ್ಟರು, ರಾತ್ರಿ ಎಷ್ಟೊತ್ತಿಗೆ ಕೆಮ್ಮು ಬರುತ್ತಮ್ಮಾ ಅಂದರು. ಮೂರೂವರೆ, ನಾಲ್ಕಕ್ಕೆ ಅಂದಳು. ಪಕ್ಕದಲ್ಲಿ ಮಲಗೋ ಅಜ್ಜಿ ಎದ್ದುಬಿಡ್ತಾರೆ ಅಂತ ದಿಂಬಿಗೆ ಬಾಯಿ ಒತ್ತಿ ಕೆಮ್ಮುತ್ತಿದ್ದಳಂತೆ. ನಸುಕಿನಲ್ಲಿ ಶ್ವಾಸನಾಳ ಎಲ್ಲರಿಗೂ ತುಸು ಕಿರಿದಾಗುತ್ತೆ, ಉಬ್ಬಸದವರಿಗೆ ಜಾಸ್ತಿ ಅಂತ ಹೇಳಿ, ಎರಡು ವಾರ ಅಳತೆ ಬರೆದು ತನ್ನಿ ಅಂದರು. ಹಾಗೆ, ಊದಿದ ಉಸಿರಿನ ವೇಗ ಅಳೆಯೋ ಈ ಪೀಕ್ ಫ್ಲೋ ಮೀಟರ್ ಮನೆಗೆ ಬಂತು.

ಬಂತು ಅನ್ನೋದು ಸುಲಭ. ಮಂಡ್ಯದ ಮೂರು ಮೆಡಿಕಲ್ ಸ್ಟೋರಲ್ಲಿ ಇರಲಿಲ್ಲ; ಒಬ್ಬರು ಹೆಸರು ಕೇಳಿ ಥರ್ಮಾಮೀಟರ್ ತೆಗೆದಿಟ್ಟರು. ಕೊನೆಗೆ ರೈಲು ಹತ್ತಿ ಮೈಸೂರಿಗೆ ಹೋಗಿ, ಕೆ.ಆರ್. ಆಸ್ಪತ್ರೆ ಹತ್ತಿರದ ಅಂಗಡಿಯಲ್ಲಿ 650 ರೂಪಾಯಿ ಕೊಟ್ಟು ತಂದೆ.

ಬ್ಯಾಟರಿ ಇಲ್ಲ, ಏನಿಲ್ಲ. ಒಲೆ ಊದೋ ಕೊಳವೆಯ ಮೊಮ್ಮಗ ಅನ್ನಿ. ಮುಳ್ಳನ್ನು ಸೊನ್ನೆಗೆ ತಂದು, ಎದ್ದು ನಿಂತು, ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು ಒಂದೇ ಏಟಿಗೆ ಊದಬೇಕು. ಮೂರು ಸಲ ಊದಿ ಹೆಚ್ಚು ಬಂದದ್ದನ್ನು ಬರೆಯಬೇಕು. ನಮ್ಮವಳದ್ದು ಸಂಜೆ 340, ಬೆಳಿಗ್ಗೆ 250. ಮಾರನೇ ದಿನ 330, 240. ಐದನೇ ದಿನಕ್ಕೆ ನಾನು ಮೊಬೈಲ್ ವಿಷಯ ಎತ್ತೋದು ಬಿಟ್ಟೆ.

ಅಳತೆ ಬರೆದ ಪುಸ್ತಕ ನೋಡಿ ಡಾಕ್ಟರು, ಉಬ್ಬಸಕ್ಕೆ ಬಾಯಲ್ಲಿ ಎಳೆಯೋ ಕಂದು ಪಂಪು (ಇನ್ಹೇಲರ್) ನಿಲ್ಲಿಸಿದ್ದೀರಾ ಅಂದರು. ನಿಲ್ಲಿಸಿದ್ದೆವು. ‘ಪಂಪು ರೂಢಿ ಆಗ್ಬಿಟ್ರೆ ನಾಳೆ ಮದುವೆ ಹೊತ್ತಿಗೆ ಏನು ಹೇಳ್ತೀರಾ’ ಅಂತ ಅಜ್ಜಿಯ ಕಾಟ. ಅವಳು ಬರೀ ನೀಲಿ ಪಂಪಲ್ಲಿ ದಿನ ದೂಡ್ತಿದ್ದಳು. ನೀಲಿ ಆ ಗಳಿಗೆಗೆ ನಾಳ ಸಡಿಲಿಸುತ್ತೆ ಅಷ್ಟೆ. ಒಳಗಿನ ಊತ ಇಳಿಸೋದು ದಿನಾ ತಗೊಳ್ಳೋ ಕಂದುಬಣ್ಣದ್ದು. ಪಂಪಿನ ಬಾಯಿಗೆ ಸಿಕ್ಕಿಸೋ ಸ್ಪೇಸರ್ ಅನ್ನೋ ಡಬ್ಬಿ ಹಾಕಿ ಮತ್ತೆ ಶುರು ಮಾಡಿದೆವು, ತಗೊಂಡ ಮೇಲೆ ಬಾಯಿ ಮುಕ್ಕಳಿಸೋದು ಸೇರಿಸಿ. ಊರಾಚೆ ಆಲೆಮನೆ ಹೊಗೆ, ಗದ್ದೆಯಲ್ಲಿ ಕಬ್ಬಿನ ತರಗು ಸುಡೋದು ನಮ್ಮ ಕೈಲಿಲ್ಲ. ಆ ದಿಕ್ಕಿನ ಕಿಟಕಿ ಮುಚ್ಚಿದೆವು. ಆರು ವಾರಕ್ಕೆ ಬೆಳಗಿನ ಅಳತೆ 330.

ಇನ್ನು ಮೀಟರ್‌ನ ಕೊರತೆ. ಅಂಕಿ ಇರುವೆ ಸಾಲು, ನನಗೆ ಕನ್ನಡಕ ಬೇಕು. ಅಳತೆ ಚೆನ್ನಾಗಿದೆ, ಹುಷಾರು, ಅಪಾಯ ಅಂತ ತೋರಿಸೋ ಹಸಿರು-ಹಳದಿ-ಕೆಂಪು ಗುರುತುಗಳು ತೊಳೆದಾಗ ಜಾರುತ್ತವೆ. ಕಾಗದದಲ್ಲಿ ಕನ್ನಡ ಒಂದಕ್ಷರ ಇಲ್ಲ. ಸುಮ್ಮನೆ ಬಾಯಲ್ಲಿ ಉಫ್ ಅಂದರೂ ಮುಳ್ಳು ಮೇಲೆ ಹಾರುತ್ತೆ, ಪಕ್ಕದಲ್ಲಿ ನಿಂತು ನೋಡಬೇಕು. ಐದಕ್ಕೆ ನಾಲ್ಕು ಸ್ಟಾರ್.

ಮೊನ್ನೆ ಅಜ್ಜಿ ತಾನೂ ಊದಿ, ‘ನಂದೆಷ್ಟು ಬಂತು ನೋಡೇ’ ಅಂದರು. ಮಗಳು ಹೇಳಲಿಲ್ಲ.