ಆಯಿಯ ಮಂಚದ ತನಕ ಬಂದ ಮತಗಟ್ಟೆ: ಮನೆಯಿಂದ ಮತದಾನ ಸೇವೆ ಹೇಗಿತ್ತು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಚುನಾವಣೆ ಬಂದರೆ ಸಾಕು, ದಿನಕ್ಕೊಬ್ಬರಾದರೂ ಬಂದು ಕೇಳುತ್ತಾರೆ: "ನಮ್ಮ ಮನ್ಯಾಗ ಹಿರಿಯರು ಹಾಸಿಗಿ ಹಿಡದಾರ್ರಿ, ಓಟ್ ಹ್ಯಾಂಗ್ ಹಾಕಸೋದು?" 2024ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಮನೆಯಿಂದಲೇ ಓಟು ಹಾಕುವ ಸೇವೆ ತೆಗೆದುಕೊಂಡೆವು. ಅದಕ್ಕೇ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ಆಯಿಗೆ ಆಗ 89 ವರ್ಷ. 2023ರ ವಿಧಾನಸಭೆ ಚುನಾವಣೆಗೆ ಕೋಲು ಹಿಡಿದು ಶಾಲೆಗೆ ನಡೆದೇ ಹೋಗಿದ್ದಳು. ಅದೇ ವರ್ಷದ ಕೊನೆಗೆ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು. ನಮ್ಮ ಮನೆ ಶಹಾಬಜಾರದ ಸಣ್ಣ ಗಲ್ಲಿಯಲ್ಲಿ, ಎರಡನೇ ಮಹಡಿ. ಮೆಟ್ಟಿಲು ಇಕ್ಕಟ್ಟು. ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಅವಳನ್ನು ಹೊತ್ತುಕೊಂಡು ಇಳಿಸುವ ಮಾತೇ ಇರಲಿಲ್ಲ.

ಅರ್ಜಿ ಅಂದರೆ ನಮೂನೆ 12ಡಿ. 85 ವರ್ಷ ದಾಟಿದವರು ಕೊಡಬಹುದು. ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇದ್ದವರು ಪ್ರಮಾಣಪತ್ರ ಹಚ್ಚಿ ಕೊಡಬಹುದು. ಆದರೆ ಸಮಯ ಬಹಳ ಕಡಿಮೆ. ಚುನಾವಣೆಯ ಅಧಿಸೂಚನೆ ಹೊರಟ ಮೇಲೆ ಐದೇ ದಿನ. ನಮ್ಮ ಕಡೆ ಅಧಿಸೂಚನೆ ಬಂದದ್ದು ಏಪ್ರಿಲ್ 12ಕ್ಕೆ, ಮತದಾನ ಮೇ 7ಕ್ಕೆ. ಏಪ್ರಿಲ್ ಮೊದಲ ವಾರದಲ್ಲೇ ಚುನಾವಣಾ ಸಿಬ್ಬಂದಿಯೊಬ್ಬರು ಮನೆಗೆ ಬಂದು ಅರ್ಜಿ ತುಂಬಿಸಿಕೊಂಡು ಹೋಗಿದ್ದರು. ನಾನು ನಿಶ್ಚಿಂತನಾಗಿದ್ದೆ. 15ನೇ ತಾರೀಕು ಚುನಾವಣಾ ಕಚೇರಿಯಲ್ಲಿ ಸುಮ್ನೆ ವಿಚಾರಿಸಿದರೆ, "ನಿಮ್ಮ ಆಯಿ ಅರ್ಜಿ ಕಟ್ಟಿನಾಗ ಇಲ್ರಿ" ಅಂದರು. ಎದೆ ಧಸಕ್ಕೆಂದಿತು. ಅಂಗಡಿ ಅರ್ಧಕ್ಕೆ ಮುಚ್ಚಿ, ಮತ್ತೊಂದು ಅರ್ಜಿ ತುಂಬಿ, ಆಯಿಯ ಸಹಿ ಹಾಕಿಸಿ ಕೊಟ್ಟು ಬಂದೆ. ಆ ಒಂದು ಅಂಕ ಅಲ್ಲೇ ಹೋಯಿತು. ನಾನು ಅಂಗಡಿಯವನು, ಓಡಾಡಿದೆ. ಓಡಾಡುವವರಿಲ್ಲದ ಮನೆಯಲ್ಲಿ ಒಂದು ಓಟು ಹಾಗೇ ಹೋಗುತ್ತಿತ್ತಲ್ವಾ? ನೀವು ಅರ್ಜಿ ಕೊಟ್ಟರೆ ಸ್ವೀಕೃತಿ ಕೇಳಿ ಇಸಿದುಕೊಳ್ಳಿ.

ಇನ್ನೊಂದು ಮಾತು. ಮನೆಯಲ್ಲಿ ಹಾಕಿದ ಓಟನ್ನೂ ಅಂಚೆ ಮತ ಅಂತಲೇ ಲೆಕ್ಕ ಹಿಡಿಯುತ್ತಾರೆ, ಹಾಗಾಗಿ ಅರ್ಜಿ ಒಪ್ಪಿಗೆಯಾದರೆ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಅಂಚೆ ಮತ ಅಂತ ಗುರುತು ಬೀಳುತ್ತದೆ. ಆಮೇಲೆ ಮನಸ್ಸು ಬದಲಿಸಿ ಮತಗಟ್ಟೆಗೆ ಹೋದರೆ ಓಟು ಹಾಕಲು ಬಿಡುವುದಿಲ್ಲ. ಮೊದಲ ಸಲ ಬಂದಾಗ ಮನೆಯಲ್ಲಿ ಸಿಗದಿದ್ದರೆ ಇನ್ನೊಂದೇ ಸಲ ಬರುತ್ತಾರೆ.

ಏಪ್ರಿಲ್ ಕೊನೆಯಲ್ಲಿ ಒಂದು ದಿನ ಬೆಳಗ್ಗೆ ಬಂದರು. ಇಬ್ಬರು ಮತಗಟ್ಟೆ ಸಿಬ್ಬಂದಿ, ಎಲ್ಲ ನಿಯಮದಂತೆ ನಡೆಯುತ್ತದಾ ಅಂತ ನೋಡುವ ಒಬ್ಬರು ಮೈಕ್ರೋ ಅಬ್ಸರ್ವರ್, ವಿಡಿಯೋ ತೆಗೆಯುವ ಹುಡುಗ, ಒಬ್ಬ ಪೊಲೀಸ್. ಐದು ಮಂದಿ ಆ ಮೆಟ್ಟಿಲು ಹತ್ತಿ ಬಂದು ಬೆವರು ಒರೆಸಿಕೊಂಡರು. ಚಹಾ ಕೊಟ್ಟರೆ ಬೇಡ ಅಂದರು, ನೀರು ಮಾತ್ರ ಕುಡಿದರು. ಆಯಿ ಅಂದು ಐದು ಗಂಟೆಗೇ ಎದ್ದು, ಇಳಕಲ್ ಸೀರೆ ಉಡಿಸಿಕೊಂಡು, ವಿಭೂತಿ ಹಚ್ಚಿಕೊಂಡು ದಿಂಬಿಗೆ ಒರಗಿ ಕುಂತಿದ್ದಳು.

"ಆಯಿ, ನಿಮ್ಮ ಹೆಸರು ಹೇಳ್ರಿ" ಅಂದರು ಮೇಡಂ. ಗಟ್ಟಿಯಾಗಿ ಹೇಳಿದಳು. "ಯಜಮಾನ್ರ ಹೆಸರು?" ಅಂದಾಗ ಸೆರಗು ಸರಿ ಮಾಡಿಕೊಂಡು ನನ್ನ ಕಡೆ ನೋಡಿದಳು. ಮುತ್ಯಾ ತೀರಿ 20 ವರ್ಷವಾದರೂ ಅವರ ಹೆಸರು ಅವಳ ಬಾಯಿಂದ ಬರುವುದಿಲ್ಲ. ನಾನೇ ಹೇಳಿದೆ. ದೇಶದ ಮೊದಲ ಚುನಾವಣೆಗೆ ಪಟ್ಟಿ ಬರೆಯುವಾಗ ಉತ್ತರದ ಕಡೆ ಎಷ್ಟೋ ಹೆಣ್ಣುಮಕ್ಕಳು ತಮ್ಮ ಹೆಸರೇ ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ದರಂತೆ. ಹಾಗಾಗಿ ಸುಮಾರು 28 ಲಕ್ಷ ಹೆಸರು ಪಟ್ಟಿಗೆ ಸೇರಲೇ ಇಲ್ಲ. ಆಯಿ ತನ್ನ ಹೆಸರು ಹೇಳಿದ ರೀತಿ ನೋಡಿ ನನಗೆ ಅದೇ ನೆನಪಾಯಿತು.

ಮಂಚದ ಮೇಲೇ ರಟ್ಟಿನ ಮರೆ ನಿಲ್ಲಿಸಿದರು. ಓಟು ಹಾಕುತ್ತಿರುವುದು ತಾನೇ ಅನ್ನುವ ಘೋಷಣೆ ಪತ್ರಕ್ಕೆ ಆಯಿ ತನ್ನ ಕೈಯಾರೆ ಸಹಿ ಮಾಡಿದಳು. ಮತಪತ್ರ, ಪೆನ್ನು ಕೊಟ್ಟು ನಮ್ಮನ್ನೆಲ್ಲ ಪಡಸಾಲೆಗೆ ಕಳಿಸಿದರು. ಕ್ಯಾಮೆರಾ ಕೂಡ ಮರೆಯ ಒಳಗೆ ತಿರುಗಿಸಲಿಲ್ಲ. ಕಣ್ಣು ಕಾಣದವರಿಗೆ, ಗುರುತು ಹಾಕಲು ಆಗದವರಿಗೆ ಮಾತ್ರ ಜೊತೆಗೊಬ್ಬರು ಇರಬಹುದು. ಆಯಿ ದಿನಾ ವಚನ ಓದುವವಳು, ಅವಳಿಗೆ ಯಾರೂ ಬೇಕಿರಲಿಲ್ಲ. ಒಳಗಿಂದ ಕನ್ನಡಕದ ಡಬ್ಬಿ ಟಕ್ ಅಂದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಯಾರೂ ಅವಸರ ಮಾಡಲಿಲ್ಲ. ಇದು ನನಗೆ ತುಂಬಾ ಹಿಡಿಸಿತು.

ಮತಪತ್ರ ಸಣ್ಣ ಲಕೋಟೆಗೆ ಹೋಗುತ್ತದೆ. ಆ ಲಕೋಟೆ ಮತ್ತು ಸಹಿ ಮಾಡಿದ ಘೋಷಣೆ ಎರಡೂ ದೊಡ್ಡ ಲಕೋಟೆಗೆ. "ಇದನ್ನ ಬಿಚ್ಚಿ ನಾ ಯಾರಿಗಿ ಹಾಕೀನಿ ಅಂತ ನೋಡಿದ್ರ?" ಅಂತ ಆಯಿ ಕೇಳಿಯೇಬಿಟ್ಟಳು. ಮೇಡಂ ಪಕ್ಕದಲ್ಲಿ ಕುಳಿತು ವಿವರಿಸಿದರು: ಎಣಿಸುವ ದಿನ ಮೊದಲು ಘೋಷಣೆ ನೋಡ್ತಾರೆ, ನಂಬರ್ ಸರಿ ಇದ್ದರೆ ಅದನ್ನು ಬೇರೆ ಇಡ್ತಾರೆ, ಸಣ್ಣ ಲಕೋಟೆ ಆಮೇಲೆ ಒಡೀತಾರೆ, ಅದರೊಳಗಿನ ಮತಪತ್ರದ ಮೇಲೆ ನಿಮ್ಮ ಹೆಸರಿರೋದಿಲ್ಲ. ಆಯಿಗೆ ಒಪ್ಪಿಗೆಯಾಯಿತು. ಅಂಟು ತಾನೇ ಹಚ್ಚಿ, ಅಂಗೈಯಿಂದ ಒತ್ತಿ ಒತ್ತಿ ಕೊಟ್ಟಳು.

ಅವರು ಇಳಿದು ಹೋದ ಮೇಲೆ ಆಯಿ ತನ್ನ ಮೊದಲ ಓಟಿನ ಕತೆ ಹೇಳಿದಳು. 1957, ಚಿತ್ತಾಪುರ ತಾಲೂಕಿನ ಹಳ್ಳಿ, ಅವಳಿಗೆ 22 ವರ್ಷ. ಆಗ 21 ತುಂಬಿರಬೇಕಿತ್ತು, 18 ಆದದ್ದು 1989ರಲ್ಲಿ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ, ಡಬ್ಬಿಗೆ ಚಿಹ್ನೆ ಅಂಟಿಸಿರುತ್ತಿದ್ದರು. ಚೀಟಿ ಮೇಲೆ ಗುರುತು ಹಾಕುವಂತಿರಲಿಲ್ಲ, ಬೇಕಾದ ಡಬ್ಬಿಗೆ ಹಾಕಿ ಬರುವುದು ಅಷ್ಟೇ. ಅವಳು ಹುಟ್ಟಿದಾಗ ಇಲ್ಲಿ ನಿಜಾಮನ ಆಳ್ವಿಕೆ. 1948ರ ಸೆಪ್ಟೆಂಬರಿನಲ್ಲಿ ಅದು ಮುಗಿದಾಗ ಅವಳಿಗೆ 13. "ಆಗ ಯಾರ್ ಆಳಬೇಕಂತ ನಮ್ಗ ಯಾರ್ ಕೇಳ್ತಿದ್ರು? ಈಗ ಮಂಚದ ತನಕ ಬಂದು ಕೇಳ್ಯಾರ ನೋಡು" ಅಂದಳು. ಚುನಾವಣೆ ಯಾಕೆ ಬೇಕು ಅಂತ ಅಂಗಡಿಗೆ ಬರುವ ಕಾಲೇಜು ಹುಡುಗರು ವಾದ ಮಾಡುತ್ತಾರೆ. ಅವರಿಗೆ ನಾನು ಈ ಮಾತನ್ನೇ ಹೇಳುತ್ತೇನೆ.

ಈಗ ನನಗೆ ಬೇಸರವಾದ ಇನ್ನೊಂದು ಸಂಗತಿ. ಪಕ್ಕದ ಮನೆ ಚಾಚಾಗೆ 82, ಎರಡೂ ಮೊಣಕಾಲು ಹೋಗಿವೆ. 2023ರಲ್ಲಿ ಈ ಸೌಲಭ್ಯ 80 ದಾಟಿದವರಿಗೆ ಇತ್ತು, ಅವರ ಮನೆಗೂ ಬಂದಿದ್ದರು. 2024ರಲ್ಲಿ ಮಿತಿ 85ಕ್ಕೆ ಏರಿತು. ಒಂದು ಸಲ ಮನೆಗೆ ಬಂದವರು ಮರುವರ್ಷ ಬರದಿದ್ದರೆ ಮುದುಕರಿಗೆ ಹೇಗೆ ಅರ್ಥವಾಗಬೇಕು? ಸಿಬ್ಬಂದಿ, ಖರ್ಚು ಜಾಸ್ತಿಯಾಗುತ್ತದೆ, ಒಪ್ಪುತ್ತೇನೆ. ಆದರೂ ಮಿತಿ 80ಕ್ಕೇ ಇರಬೇಕಿತ್ತು.

ಮೇ 7ರಂದು ಬೆಳಗ್ಗೆ ಏಳಕ್ಕೇ ಚಾಚಾನನ್ನು ಆಟೋದಲ್ಲಿ ಮತಗಟ್ಟೆಗೆ ಕರೆದುಕೊಂಡು ಹೋದೆ. ರ್‍ಯಾಂಪ್ ಇತ್ತು, ಗಾಲಿಕುರ್ಚಿ ಇತ್ತು, ಸಾಲಿನಲ್ಲಿದ್ದವರೇ ಮುಂದೆ ಬಿಟ್ಟರು. ಪಟ್ಟಿಯಲ್ಲಿ ಹೆಸರು ನೋಡಿ ಕೂಗಿದರು, ಎಡಗೈ ತೋರುಬೆರಳಿಗೆ ಮೈಸೂರಿನ ಶಾಯಿ ಹಚ್ಚಿದರು, ರಿಜಿಸ್ಟರಿನಲ್ಲಿ ಸಹಿ ತೆಗೆದುಕೊಂಡರು. ಚಾಚಾ ಗುಂಡಿ ಒತ್ತಿದರು. ಪಕ್ಕದಲ್ಲಿ ವಿವಿಪ್ಯಾಟ್, ಅಂದರೆ ಓಟು ಯಾರಿಗೆ ಬಿತ್ತು ಅಂತ ಚೀಟಿ ತೋರಿಸುವ ಯಂತ್ರ, ಅದರ ಗಾಜಿನಲ್ಲಿ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಹೊರಗೆ ಬಂದು, "ಚೀಟಿ ಪೂರಾ ಬೀಳೋತನಕ ನೋಡ್ದೆ ಬೇಟಾ" ಅಂದರು. ಒಟ್ಟು 20 ನಿಮಿಷದ ಕೆಲಸ. ಆದರೆ ಅವರು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ.

ಜೂನ್ 4ಕ್ಕೆ ಎಣಿಕೆ. ಎಂಟು ಗಂಟೆಗೆ ಅಂಚೆ ಮತ ಮೊದಲು, ಯಂತ್ರದವು ಅರ್ಧ ಗಂಟೆ ಬಿಟ್ಟು. ಇದನ್ನು ಆಯಿಗೆ ಹೇಳಿದ್ದೆ. ಅಂದು ಏಳೂವರೆಗೇ ಟಿವಿ ಹಚ್ಚಿಸಿ, ಕನ್ನಡಕ ಹಾಕಿಕೊಂಡು ಕುಂತಳು. ಎಂಟಾಯಿತು. "ಈಗ ನಂದು ಬಿಚ್ಚಿರತಾರ" ಅಂದಳು. ನಾನು ಅವತ್ತು ಅಂಗಡಿ ತಡವಾಗಿ ತೆಗೆದೆ.